ಮೇಲ್ದಾರಿಯ ಇಳಿಜಾರು

ನಮ್ಮೂರಿನ ಶಾಲೆಗೆ ಮಕ್ಕಳು ಒಂದು ದಿನವೂ ತಡವಾಗಿ ಬಂದದ್ದಿಲ್ಲ. ಬೆಳಿಗ್ಗೆ ಅಳುತ್ತ ಸೈಕಲ್ ಹತ್ತಿದರೆ ಸಾಕು, ಜಲ್ಲಿಯ ದಾರಿ ಅವರ ಕೆಳಗೆ ಇಳಿಯುತ್ತ ಹೋಗಿ ಶಾಲೆಯ ಗೇಟಿನ ಎದುರು ಬಿಟ್ಟುಬಿಡುತ್ತದೆ. ಸಂಜೆ ಮನೆಗೆ ಮರಳುವಾಗ ಅದೇ ಮಕ್ಕಳು ಅದೇ ದಾರಿಯಲ್ಲಿ ಸೈಕಲ್ಲಿನಿಂದ ಇಳಿದು, ಏದುಸಿರು ಬಿಡುತ್ತ, ತಳ್ಳಿಕೊಂಡು ಹತ್ತುತ್ತಾರೆ. ತಲುಪಬೇಕೆಂದು ಇದ್ದವರಿಗೆ ಏರು, ಇಲ್ಲದವರಿಗೆ ಇಳಿಜಾರು. ಸಮುದ್ರದ ಅಂಚಿನಿಂದಲೇ ಎದ್ದ ಹತ್ತು ಹನ್ನೆರಡು ಗುಡ್ಡಗಳ ಮೇಲೆ ಹರಡಿಕೊಂಡ ಊರು ನಮ್ಮದು. ಈ ಗುಡ್ಡ ಎಷ್ಟು ಎತ್ತರ ಎಂದು ಹೊರಗಿನವರು ಕೇಳಿದರೆ, ಯಾರಿಗೆ ಎಂದು ನಾವು ಕೇಳುತ್ತೇವೆ.

ಒಂದು ಕಾಲಕ್ಕೆ ಬಸ್ಸು ಓಡಿಸಿ ನೋಡಿದ್ದರಂತೆ. ನಲವತ್ತು ಜನ ಕೂತಿದ್ದರು. ಅರ್ಧ ಜನ ಮದುವೆಗೆ ಹೊರಟವರು, ಅರ್ಧ ಜನ ಕೋರ್ಟಿಗೆ. ಮೊದಲ ತಿರುವಿನಲ್ಲೇ ಬಸ್ಸು ಅತ್ತಲೂ ಹೋಗದೆ ಇತ್ತಲೂ ಬಾರದೆ ಗುರುಗುಟ್ಟಿ ನಿಂತಿತು. ಆಮೇಲೆ ಯಾರೂ ಆ ಗೋಜಿಗೆ ಹೋಗಲಿಲ್ಲ. ಒಬ್ಬೊಬ್ಬರ ಮನಸ್ಸಿಗೆ ಒಂದೊಂದು ಸೈಕಲ್ಲು ಎನ್ನುವುದೇ ಸರಿ ಎಂದು ಊರು ತೀರ್ಮಾನಿಸಿತು. ಡಾಕ್ಟರು ಮನೆಗೆ ಬಂದಾಗ ಅಂಗಿ ಒಣಗಿದ್ದರೆ ರೋಗಿಯ ಕಡೆಯವರಿಗೆ ಸಮಾಧಾನ, ಬೇಗ ಬಂದರಲ್ಲ ಎಂದು. ನೆಂಟರು ಬಂದಾಗ ಒಣಗಿದ್ದರೆ ಮಾತ್ರ ಕಷ್ಟ. ಬಂದವರ ಕತ್ತಿನ ಹಿಂದೆ ಕೈಹಾಕಿ ಕಾಲರು ಮುಟ್ಟುವುದು ನಮ್ಮಲ್ಲಿ ನಮಸ್ಕಾರದ ಹಾಗೆ. ಬೆರಳಿಗೆ ಬೆವರು ತಾಗಿದರೆ ಒಳಗೆ ಕರೆದು ಕೂರಿಸುತ್ತಾರೆ. ತಾಗದಿದ್ದರೂ ಕರೆಯುತ್ತಾರೆ, ಆದರೆ ಚಹಾ ಬರುವುದು ನಿಧಾನ. ಹೆಣ್ಣು ನೋಡಲು ಬಂದ ಒಬ್ಬ, ಮನೆಯ ಬೇಲಿಯ ಹತ್ತಿರ ಕತ್ತಿಗೆ ನೀರು ಚಿಮುಕಿಸಿಕೊಂಡು ಬಂದಿದ್ದ. ಹುಡುಗಿಯ ಅಜ್ಜಿ ಕಾಲರು ಮುಟ್ಟಿ, ಬೆರಳನ್ನು ನಾಲಿಗೆಗೆ ತಾಗಿಸಿ, ಇದು ನಮ್ಮ ಬಾವಿಯ ನೀರು ಎಂದುಬಿಟ್ಟಳು. ಪ್ರೀತಿ ಎನ್ನುವ ಪದ ನಮ್ಮ ಪಠ್ಯಪುಸ್ತಕದಲ್ಲಿ ಇತ್ತು, ಬಾಯಲ್ಲಿ ಇರಲಿಲ್ಲ. ಅವನಿಗೆ ಅವಳ ಕಡೆ ಏರುಂಟು ಎನ್ನುತ್ತಿದ್ದೆವು. ಅಷ್ಟು ಹೇಳುವ ಅಗತ್ಯವೂ ಹೆಚ್ಚಾಗಿ ಬೀಳುತ್ತಿರಲಿಲ್ಲ.

ನನ್ನನ್ನು ಇಳಿಜಾರು ದಾಮು ಎನ್ನುತ್ತಾರೆ. ನಾನು ಓದಲು ಊರು ಬಿಟ್ಟ ದಿನ ದಾರಿ ಇಳಿದಿತ್ತು. ಮೂರು ವರ್ಷ ತತ್ವಶಾಸ್ತ್ರ ಓದಿ ಮರಳಿ ಬಂದ ದಿನವೂ ಇಳಿದಿತ್ತು. ಅಮ್ಮ ಇದ್ದಳು ಆಗ. ಬಾಗಿಲಲ್ಲಿ ನನ್ನ ಕಾಲರು ಮುಟ್ಟಿ, ಕೈಯನ್ನು ಸೆರಗಿಗೆ ಒರೆಸಿಕೊಂಡಳು, ಒರೆಸಿಕೊಳ್ಳಲು ಏನೂ ಇರದಿದ್ದರೂ. ನನಗೆ ಇದರಿಂದ ಬೇಸರವಾಯಿತು ಎಂದರೆ ಸುಳ್ಳಾಗುತ್ತದೆ. ಯಾವುದೂ ಬೇಡದ ಸ್ಥಿತಿಯ ಬಗ್ಗೆ ದೊಡ್ಡ ದೊಡ್ಡ ಪುಸ್ತಕಗಳನ್ನು ಓದಿ ಬಂದಿದ್ದೆ. ಅದು ನನಗೆ ಹುಟ್ಟಿನಿಂದಲೇ ಬಂದಿದೆ ಎಂದು ಒಳಗೊಳಗೇ ಹೆಮ್ಮೆಪಟ್ಟುಕೊಂಡವನು ನಾನು. ಊರಿನವರಿಗೂ ಇದರಿಂದ ಉಪಕಾರವಾಯಿತು. ತುರ್ತಿನ ಕಾಗದ, ಔಷಧಿ, ಹಾಳಾಗುವ ಮೀನು, ಎಲ್ಲವನ್ನೂ ನನ್ನ ಕೈಯಲ್ಲಿ ಕೊಡುತ್ತಿದ್ದರು. ಸಾಮಾನು ಮುಟ್ಟಿಸುವ ಕೆಲಸಕ್ಕೆ ನನ್ನಷ್ಟು ವೇಗದವನು ಬೇರೆ ಇರಲಿಲ್ಲ. ಅಕ್ಕಿಮಿಲ್ಲಿನ ಹಿಂದೆ ಒಂದು ಕೋಣೆ, ಒಂದು ಸೈಕಲ್ಲು, ಮಾತಾಡಬೇಕಾದ ಸಂದರ್ಭಗಳು ಕಡಿಮೆ. ಜಲ್ಲಿಯ ಮೇಲೆ ಚಕ್ರ ಉರುಳುವ ಚರಚರ ಸದ್ದು ನಿಂತ ಮೇಲೆ ಉಳಿಯುವ ಮೌನ ನನಗೆ ಇಷ್ಟವಾಗಿತ್ತು. ಇಷ್ಟ ಎಂದರೆ, ಅದಕ್ಕಾಗಿ ದಾರಿ ಏರುವಷ್ಟಲ್ಲ.

ಸುಗಂಧಿಯ ಪರಿಚಯ ಹೊರಗಿನ ಸೈಕಲ್ಲಿನವರ ದೆಸೆಯಿಂದ ಆದದ್ದು. ತಲೆಗೆ ಹೆಲ್ಮೆಟ್ಟು, ಹ್ಯಾಂಡಲಿಗೆ ಏರು ಅಳೆಯುವ ಯಂತ್ರ ಕಟ್ಟಿಕೊಂಡ ಆರು ಜನ ಒಮ್ಮೆ ನಮ್ಮ ಜಲ್ಲಿ ದಾರಿಗಳನ್ನು ಹುಡುಕಿಕೊಂಡು ಬಂದಿದ್ದರು. ಟಾರು ಬಿಟ್ಟು ಇಂಥ ದಾರಿಯಲ್ಲೇ ಸೈಕಲ್ ಓಡಿಸುವುದು ಅವರ ಹವ್ಯಾಸವಂತೆ. ಸಂಜೆ ಆರೂ ಯಂತ್ರಗಳು ಆರು ಲೆಕ್ಕ ತೋರಿಸಿ ಅವರಲ್ಲೇ ಜಗಳವಾಯಿತು. ಗೆಳೆಯರ ಒತ್ತಾಯಕ್ಕೆ ಬಂದವನ ಯಂತ್ರದಲ್ಲಿ ಏರೇ ಇರಲಿಲ್ಲ. ಎಲ್ಲರಿಗಿಂತ ಹೆಚ್ಚು ಏರಿದವನು ಎದೆಯುಬ್ಬಿಸಿ ತಿರುಗುತ್ತಿದ್ದ, ನಮ್ಮ ಚಹಾದಂಗಡಿಯ ಮುದುಕ ಅವನನ್ನು, ಅಷ್ಟು ಆಸೆ ಎಂತದ್ದು ಮಾರಾಯ ನಿನಗೆ, ಎಂದು ಕೇಳುವವರೆಗೆ. ಆಮೇಲೆ ಅವನು ಯಾರ ಹತ್ತಿರವೂ ಮಾತಾಡಲಿಲ್ಲ. ಹೋಗುವಾಗ ಅವರು ಬಿಟ್ಟುಹೋದ ದಪ್ಪ ಟೈರುಗಳನ್ನು ಆರಿಸಿಕೊಳ್ಳಲು ಬಂದವಳು ಸುಗಂಧಿ. ಒಂದು ತುದಿ ನಾನು ಹಿಡಿದೆ, ಒಂದು ತುದಿ ಅವಳು, ಅವಳ ಸೈಕಲ್ಲಿನ ಹಳೆಯ ಟೈರು ಕಳಚಿ ಇದನ್ನು ರಿಮ್ಮಿಗೆ ಕೂರಿಸಿದೆವು. ಗಾಳಿ ಕಡಿಮೆ ಹಾಕಿದರೆ ಜಲ್ಲಿಯನ್ನು ಹಿಡಿದುಕೊಂಡು ಹೋಗ್ತದೆ ನೋಡು ಎಂದಳು. ಅಂದಿನಿಂದ ಎರಡು ವರ್ಷ, ವಾರಕ್ಕೆ ಒಂದೆರಡು ಸಲ ದಾರಿಯಲ್ಲಿ ಜೊತೆಯಾಗುತ್ತಿದ್ದೆವು. ಹೆಚ್ಚು ಮಾತಿಲ್ಲ. ಅವಳೂ ಮಾತಿಗೆ ಅವಸರಪಡುವವಳಲ್ಲ.

ಅವಳ ಅಪ್ಪ ಹೊನ್ನಪ್ಪಣ್ಣ ಹತ್ತೊಂಬತ್ತು ವರ್ಷದಿಂದ ಮೇಲ್ದಾರಿ ನಡೆಸುತ್ತಿದ್ದವರು. ಮೇಲ್ದಾರಿ ಎಂದರೆ ಐಸ್ ಪ್ಲಾಂಟಿನಿಂದ ಒಂಬತ್ತು ಕಿಲೋಮೀಟರು, ಗುಡ್ಡದ ಮೇಲಿನ ಏಳು ವಠಾರಗಳಿಗೆ ಮೀನು, ಐಸು, ಅಂಚೆ ಒಯ್ಯುವ ದಾರಿ. ಅದನ್ನು ನಡೆಸುವವರಿಗೆ ತುದಿಯಲ್ಲಿರುವ ದಾರಿಮನೆಯಲ್ಲಿ ವಾಸ. ಹೊನ್ನಪ್ಪಣ್ಣನ ಮೊಣಕಾಲು ಕೈಕೊಟ್ಟ ಮೇಲೆ ಎರಡು ವರ್ಷ ಸುಗಂಧಿಯೇ ಓಡಿಸಿದಳು. ದಿನದ ಕೆಲಸದಲ್ಲಿ ಯಾರಿಗೂ ಅಂಥ ಆಸೆ ಇರುವುದಿಲ್ಲವಾದ್ದರಿಂದ ದಾರಿ ಅವಳಿಗೆ ಹೆಚ್ಚೇನೂ ಏರುತ್ತಿರಲಿಲ್ಲ. ಆದರೆ ಹೆಸರು ಅಪ್ಪನದ್ದು. ಅವರು ಬಿಟ್ಟರೆ ಓಟ ಆಗಲೇಬೇಕು, ಮೊದಲು ದಾರಿಮನೆ ಮುಟ್ಟಿದವರಿಗೆ ಮೇಲ್ದಾರಿ. ಹಿಂದಿನವರು ಮಾಡಿಟ್ಟ ಕ್ರಮ ಅದು. ಬೇಡದವನಿಗೆ ಕೊಟ್ಟರೆ ಬೇಗ ಮುಟ್ಟಿಸುತ್ತಾನೆ ಎನ್ನುವುದು ಅದರ ಹಿಂದಿನ ಬುದ್ಧಿ. ಒಂದೇ ಹೆಸರು ಬಂದರೆ ಓಟವಿಲ್ಲ, ಎರಡನೆಯ ಹೆಸರು ಬರುವವರೆಗೆ ದಾರಿಮನೆಗೆ ಬೀಗ. ಓಟದ ನಡುವೆ ಇಬ್ಬರಲ್ಲಿ ಒಬ್ಬರು ನೆಲಕ್ಕೆ ಕಾಲೂರಿದರೂ, ಹಿಂತಿರುಗಿದರೂ ಓಟ ಮುರಿಯಿತು. ಆಗಲೂ ಒಂದು ವರ್ಷ ಬೀಗ.

ಹೊನ್ನಪ್ಪಣ್ಣ ಮೇಲ್ದಾರಿ ಬಿಟ್ಟಾಗ ಸುಗಂಧಿ ಹೆಸರು ಕೊಟ್ಟಳು. ಅವರ ಮೇಲಿನ ಗೌರವಕ್ಕೋ ಏನೋ, ಬೇರೆ ಯಾರೂ ಕೊಡಲಿಲ್ಲ. ಬೀಗದ ದಿನ ಹತ್ತಿರ ಬಂತು. ಒಂದು ಮಧ್ಯಾಹ್ನ ಸುಗಂಧಿ ಮಿಲ್ಲಿನ ಹಿಂದಕ್ಕೆ ಬಂದಳು. ಕುತ್ತಿಗೆಯಿಂದ ಬೆನ್ನಿನವರೆಗೆ ನೆನೆದಿದ್ದಳು. ನಾನು ಕಾಲರು ಮುಟ್ಟಲಿಲ್ಲ, ಕಣ್ಣಿಗೇ ಕಾಣುತ್ತಿತ್ತು. ಕೆಲಸದ ಮೇಲೆ ಬಂದವರು ನೆನೆದೇ ಬರುತ್ತಾರೆ ಎಂದುಕೊಂಡೆ.

"ನಿನ್ನ ಹೆಸರು ಕೊಡು," ಎಂದಳು.

"ನನಗೆ ಮೇಲ್ದಾರಿ ಬೇಡ."

"ಬೇಡ ಅಂತ ಗೊತ್ತುಂಟು. ಓಟಕ್ಕೆ ಇಬ್ಬರು ಬೇಕಲ್ಲ, ಅದಕ್ಕೆ."

ನನಗೆ ಎಲ್ಲ ದಾರಿಯೂ ಇಳಿಜಾರು ಎನ್ನುವುದನ್ನು ಅವಳಿಗೆ ನೆನಪಿಸಿದೆ. ಬೇಡದವನೇ ಗೆಲ್ಲುವ ಓಟಕ್ಕೆ ಊರಿನಲ್ಲೇ ಹೆಚ್ಚು ಬೇಡದವನನ್ನು ಕರೆಯುವುದು ಯಾವ ಲೆಕ್ಕ ಎಂದು ಕೇಳಿದೆ.

"ಆವತ್ತು ನಿನಗೂ ಏರಿರ್ತದೆ," ಎಂದಳು.

ಹೇಗೆ ಎಂದು ನಾನು ಕೇಳಬೇಕಿತ್ತು. ಅವಳು ನನ್ನ ಸೈಕಲ್ಲಿನ ಚೈನನ್ನು ಬೆರಳಿನಿಂದ ಒತ್ತಿ, ಸಡಿಲವಾಗಿದೆ ನೋಡು ಎಂದು ಹೇಳಿ ಹೊರಟಳು. ನಾನು ಆ ಮಾತನ್ನು ಮೌನದ ಗಂಟಿಗೆ ಸೇರಿಸಿಟ್ಟೆ. ಆ ಗಂಟು ಆಗಲೇ ಸಾಕಷ್ಟು ದೊಡ್ಡದಿತ್ತು.

ಓಟದ ದಿನ ಬೆಳಿಗ್ಗೆ ಏಳಕ್ಕೆ ಐಸ್ ಪ್ಲಾಂಟಿನ ಎದುರು ನೂರಾರು ಜನ. ಊರಿನ ಪಂಚಾಯ್ತಿ ಕಟ್ಟೆಯ ಪರವಾಗಿ ಎಲ್ಲವನ್ನೂ ನಡೆಸುತ್ತಿದ್ದವರು ಐತಪ್ಪ ಮಾಸ್ಟ್ರು, ನಿವೃತ್ತರು. ಅವರು ಮುಂಚೆಯೇ ಮೇಲೆ ಹೋಗಿ ದಾರಿಮನೆಯ ಜಗಲಿಯಲ್ಲಿ ಕೂತಿದ್ದರು. ಕೆಳಗೆ ಐಸ್ ಪ್ಲಾಂಟಿನ ಸೈರನ್ನು ಕೂಗಿದ ಕೂಡಲೇ ನಾವು ಹೊರಟೆವು. ಮೊದಲ ಐವತ್ತು ಮಾರು ಇಬ್ಬರೂ ಪಕ್ಕಪಕ್ಕ. ಆಮೇಲೆ ಅವಳು ಸೀಟಿನಿಂದ ಎದ್ದು ನಿಂತು ತುಳಿಯತೊಡಗಿದಳು. ಹ್ಯಾಂಡಲು ಎಡಕ್ಕೆ ಬಲಕ್ಕೆ ವಾಲುತ್ತಿತ್ತು, ದಪ್ಪ ಟೈರಿನ ಕೆಳಗೆ ಜಲ್ಲಿ ನರಳುತ್ತಿತ್ತು. ನನ್ನ ಪೆಡಲು ತಾನಾಗಿ ತಿರುಗುತ್ತಿತ್ತು. ಒಂದೇ ದಾರಿ, ಒಂದು ಕೈ ಅಂತರ. ಅವಳು ಗೋಡೆ ಹತ್ತುವವಳ ಹಾಗೆ ಬಾಗಿದ್ದಳು, ನಾನು ಕುರ್ಚಿಯಲ್ಲಿ ಕೂತವನ ಹಾಗೆ ಹಿಂದಕ್ಕೆ ಒರಗಿದ್ದೆ. ಅವಳು ಒಮ್ಮೆ ನನ್ನ ಕಡೆ ನೋಡಿದಳು. ಅಷ್ಟರಲ್ಲಿ ನಾನು ಮುಂದೆ ಹೋಗಿಬಿಟ್ಟೆ.

ಮೊದಲ ತಿರುವಿನಲ್ಲಿ ನನಗೆ ಸ್ಪಷ್ಟವಾಗಿ ಹೊಳೆಯಿತು, ನಾನು ಮೊದಲು ಮುಟ್ಟಬಾರದು. ನಾನು ಮುಟ್ಟಿದರೆ ಅವಳಿಗೆ ಮನೆಯಿಲ್ಲ, ದಾರಿಯಿಲ್ಲ, ಎರಡು ವರ್ಷದ ಕೆಲಸವಿಲ್ಲ. ಬ್ರೇಕು ಹಿಡಿದೆ. ದಾರಿ ಇನ್ನಷ್ಟು ಬಾಗಿತು. ಇನ್ನೂ ಬಲವಾಗಿ ಹಿಡಿದೆ. ಹಿಂದಿನ ಚಕ್ರ ಜಾರಿ ಜಲ್ಲಿ ಸಿಡಿಯಿತು, ಸೈಕಲ್ಲು ನಿಲ್ಲಲಿಲ್ಲ. ಕೆಂಪುಕಲ್ಲಿನ ಕೋರೆ ದಾಟುವಾಗ, ಕಲ್ಲು ಕಡಿಯುವವರು ಕೆಲಸ ನಿಲ್ಲಿಸಿ ನೋಡುತ್ತಿದ್ದಾಗ, ನನಗೆ ಅರ್ಥವಾಯಿತು. ಮುಟ್ಟಬಾರದು ಎಂದು ನಾನು ಎಷ್ಟು ಅಂದುಕೊಳ್ಳುತ್ತೇನೋ ದಾರಿ ಅಷ್ಟು ಇಳಿಯುತ್ತದೆ. ಹುಟ್ಟಿದಾಗಿನಿಂದ ಎಷ್ಟೋ ದಾರಿಗಳನ್ನು ಬೇಡದೆ ಇಳಿದಿದ್ದೆ. ಇಷ್ಟು ಕಡಿದಾಗಿ ಯಾವುದೂ ಇಳಿದಿರಲಿಲ್ಲ.

ಸೋಲಬೇಕಾದರೆ ಮುಟ್ಟುವ ಆಸೆ ಬರಬೇಕು. ಪ್ರಯತ್ನ ಮಾಡಿದೆ. ದಾರಿಮನೆಯ ಜಗಲಿಯಿಂದ ಕಾಣುವ ಸಮುದ್ರವನ್ನು ನೆನೆದೆ, ಅಲ್ಲಿ ಕೊಡುವ ಬಿಸಿ ಚಹಾವನ್ನು ನೆನೆದೆ, ಮೇಲ್ದಾರಿಯವನು ಎಂದು ಜನ ಎದ್ದು ನಿಲ್ಲುವುದನ್ನು ನೆನೆದೆ. ಬೇಕು, ಬೇಕು ಎಂದು ಬಾಯಿಬಿಟ್ಟು ಹೇಳಿದೆ. ಹೇಳಿಕೊಂಡ ಮಾತ್ರಕ್ಕೆ ಬೇಕಾಗುವುದಿಲ್ಲ. ಆಸೆಯ ಬಗ್ಗೆ ಓದಿದ ಯಾವ ಪುಟದಲ್ಲೂ ಅದನ್ನು ತರಿಸಿಕೊಳ್ಳುವ ವಿಧಾನ ಬರೆದಿರಲಿಲ್ಲ, ಎಲ್ಲರೂ ಕಳೆಯುವ ವಿಧಾನವನ್ನೇ ಬರೆದಿದ್ದರು. ಕಾಲೂರಿದರೆ ಓಟ ಮುರಿದು ಅವರ ಮನೆಗೆ ಬೀಗ. ಹಿಂತಿರುಗಿದರೂ ಅದೇ. ಬ್ರೇಕಿನ ರಬ್ಬರು ಸುಟ್ಟು ಹೊಗೆ ಬರುತ್ತಿತ್ತು. ಇಪ್ಪತ್ತು ನಿಮಿಷಕ್ಕೆ ದಾರಿಮನೆಯ ಅಂಗಳದಲ್ಲಿದ್ದೆ.

ಮಾಸ್ಟ್ರು ಎದ್ದು ಬಂದು ನನ್ನ ಕಾಲರು ಮುಟ್ಟಿ, ಪೂರ್ತಿ ಒಣಗಿದೆ ಎಂದು ಸೇರಿದವರಿಗೆ ಕೇಳುವಂತೆ ಹೇಳಿದರು. ಅವರ ದನಿಯಲ್ಲಿ ಸಂತೋಷವಿತ್ತು, ಇಂಥವನು ಎಲ್ಲ ತಲೆಮಾರಿಗೆ ಸಿಗುವುದಿಲ್ಲ ಎಂದೂ ಸೇರಿಸಿದರು. ಹೊನ್ನಪ್ಪಣ್ಣ ಕೋಲೂರಿಕೊಂಡು ನಿಧಾನವಾಗಿ ಮೆಟ್ಟಿಲಿಳಿದು ಬಂದರು. ಅವರೂ ಕಾಲರು ಮುಟ್ಟಿದರು. ಕೈ ಸ್ವಲ್ಪ ಹೆಚ್ಚು ಹೊತ್ತು ಅಲ್ಲೇ ಇತ್ತು. ಆಮೇಲೆ ನನ್ನ ಹಿಂದಿನ ಚಕ್ರದ ಕಡೆ ನೋಡಿ, "ಬ್ರೇಕು ಸುಟ್ಟ ವಾಸನೆ ಬರ್ತದೆ," ಎಂದರು.

ಸುಗಂಧಿ ಬಂದಾಗ ಗಂಟೆ ಒಂಬತ್ತು ದಾಟಿ ಹತ್ತು ನಿಮಿಷ. ಅಷ್ಟು ಹೊತ್ತಿಗೆ ಜನ ಚದುರಿದ್ದರು. ಎಲ್ಲೂ ಕಾಲೂರಿರಲಿಲ್ಲ ಅವಳು, ಅಂಗಳಕ್ಕೆ ಬಂದ ಮೇಲೆಯೇ ಇಳಿದಳು. ಕೂದಲಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ಮಾಸ್ಟ್ರ ಕಡೆ ನೋಡಲಿಲ್ಲ, ಅಪ್ಪನ ಕಡೆಯೂ ನೋಡಲಿಲ್ಲ. ನೇರ ನನ್ನ ಹತ್ತಿರ ಬಂದು ಕತ್ತಿನ ಹಿಂದೆ ಕೈಯಿಟ್ಟಳು. ಎರಡು ಬೆರಳಿನಿಂದ ಕಾಲರನ್ನು ಹಿಡಿದು, ಬಟ್ಟೆಯಂಗಡಿಯಲ್ಲಿ ಬಟ್ಟೆ ನೋಡುವ ಹಾಗೆ ಉಜ್ಜಿ ನೋಡಿದಳು.

"ನಿನಗೂ ಏರಿರ್ತದೆ ಅಂದುಕೊಂಡಿದ್ದೆ," ಎಂದಳು. "ನಾನು ಮುಟ್ಟುವುದನ್ನು ನೋಡಬೇಕು ಅಂತಾದರೂ."

ಆಗ ಗೊತ್ತಾಯಿತು ಅವಳ ಲೆಕ್ಕ. ಅವಳು ಮನೆಯನ್ನೂ ದಾರಿಯನ್ನೂ ಒತ್ತೆಯಿಟ್ಟದ್ದು ನನ್ನ ಬೆವರಿನ ಮೇಲೆ. ಎರಡು ವರ್ಷ ಜೊತೆಗೆ ಸೈಕಲ್ ಓಡಿಸಿದವನಿಗೆ ಒಂದಿಷ್ಟಾದರೂ ಏರು ಇರಬಹುದು ಎನ್ನುವುದರ ಮೇಲೆ. ನನ್ನ ಬಾಯಲ್ಲಿ ಒಂದು ವಾಕ್ಯ ಇತ್ತು. ಗೆಲ್ಲಬಾರದು ಅಂತಿತ್ತು, ಅದಕ್ಕೇ ಇಳಿಯಿತು. ಆದರೆ ಗೆದ್ದವನು, ಒಣ ಅಂಗಿಯಲ್ಲಿ ನಿಂತವನು, ಅದನ್ನು ಹೇಳಿದರೆ ಯಾರಾದರೂ ನಂಬುತ್ತಾರೆಯೇ? ನಮ್ಮೂರಿನಲ್ಲಿ ದಾರಿ ಹೇಳಿದ ಮೇಲೆ ಮನುಷ್ಯ ಹೇಳುವುದಕ್ಕೆ ಏನೂ ಉಳಿಯುವುದಿಲ್ಲ. ಮೌನವಾಗಿರುವುದು ಘನವಾದದ್ದು ಎಂದು ನಾನು ಯಾವಾಗಲೂ ನಂಬಿದ್ದೆ. ಅಂದು ಮಾತ್ರ ಅದು ಸುಲಭವಾದದ್ದಾಗಿತ್ತು, ಅಷ್ಟೆ. ಅವಳು ಕೈ ತೆಗೆದು ಒಳಗೆ ಹೋದಳು.

ನಾಲ್ಕು ದಿನದಲ್ಲಿ ಅಪ್ಪ ಮಗಳು ದಾರಿಮನೆ ಬಿಟ್ಟರು. ನಾನು ಮಾಸ್ಟ್ರ ಮನೆಗೆ ಹೋಗಿ ನನಗೆ ಮೇಲ್ದಾರಿ ಬೇಡ, ಅವಳಿಗೇ ಕೊಡಿ ಎಂದೆ. ಅವರು ಮುಖ ಅರಳಿಸಿಕೊಂಡು, ಬೇಡ ಎನ್ನುವವನಿಗೇ ಕೊಡುವುದಲ್ಲವೋ ಇದನ್ನು, ನೀನು ಹೀಗೆ ಹೇಳುತ್ತ ಹೋದಷ್ಟೂ ನಮಗೆ ಧೈರ್ಯ ಎಂದರು. ಅವರ ಹೆಂಡತಿ ಚಹಾ ತಂದುಕೊಟ್ಟಳು, ತಡವಾಗಿ. ಎರಡನೆಯ ಸಲ ಹೋದಾಗ ನನ್ನನ್ನು ದಾರಿ ನಡೆಸುವವರಿಗೆಲ್ಲ ಮಾದರಿ ಎಂದು ಕರೆದರು. ಮೂರನೆಯ ಸಲ ನಾನು ಹೋಗಲಿಲ್ಲ.

ಎಂಟು ತಿಂಗಳು ಮೇಲ್ದಾರಿ ನಡೆಸಿದೆ. ಏಳು ವಠಾರದವರಿಗೂ ನನ್ನ ಮೇಲೆ ದೂರಿರಲಿಲ್ಲ. ಐಸು ಕರಗುವ ಮುಂಚೆ ಮೀನು ಮುಟ್ಟುತ್ತಿತ್ತು. ಎಣ್ಣೆಗೆ ಬೀಳುವಾಗಲೂ ಮೀನು ಕಣ್ಣು ಬಿಟ್ಟುಕೊಂಡಿರುತ್ತದೆ ಎಂದು ತಮಾಷೆ ಮಾಡುತ್ತಿದ್ದರು. ಸಂಜೆ ಜಗಲಿಯಲ್ಲಿ ಕೂತರೆ ಸಮುದ್ರ ಕಾಣುತ್ತಿತ್ತು, ಮೌನ ಬೇಕಾದಷ್ಟು ಇತ್ತು. ಆ ಮನೆಯಲ್ಲಿ ಮೌನಕ್ಕೆ ಬೇರೆಯವರ ವಾಸನೆ ಅಂಟಿಕೊಂಡಿತ್ತು, ಯಾರದೋ ಹೊದಿಕೆಯನ್ನು ಹೊದ್ದ ಹಾಗೆ. ಸುಗಂಧಿ ಬಂದರಿನಲ್ಲಿ ಪಂಕ್ಚರ್ ಅಂಗಡಿ ಹಾಕಿದ್ದಾಳೆಂದು ಮೀನಿನವರು ಹೇಳಿದರು. ಬಂದರಿನ ಒಳಗೆ ಕಟ್ಟೆಯವರ ಅಧಿಕಾರ ಇಲ್ಲ, ಲಾರಿಗಳಿಗಾಗಿ ಅಲ್ಲಿ ಟಾರು ಹಾಕಿದ್ದಾರೆ, ಟಾರಿನ ಮೇಲೆ ಏರು ಎಂದರೆ ಎಲ್ಲರಿಗೂ ಏರು, ಇಳಿಜಾರು ಎಂದರೆ ಎಲ್ಲರಿಗೂ ಇಳಿಜಾರು. ನಮ್ಮವರು ಅದಕ್ಕೆ ಸತ್ತ ರಸ್ತೆ ಎನ್ನುತ್ತಾರೆ. ಪ್ರತಿದಿನ ಬೆಳಿಗ್ಗೆ ನಾನು ಐಸ್ ಪ್ಲಾಂಟಿನವರೆಗೆ ಹೋಗಿ ತಿರುಗಿ ಬರುತ್ತಿದ್ದೆ. ಅಲ್ಲಿಂದ ಬಂದರಿಗೆ ಇನ್ನೂ ನಾಲ್ಕು ಕಿಲೋಮೀಟರು. ಹೋಗಿರಲಿಲ್ಲ.

ಸರಕು ಇಲ್ಲದ ಒಂದು ದಿನ, ಬೆಳಗಿನ ಗಂಜಿ ಕುಡಿದು, ಇವತ್ತು ಸುಗಂಧಿಗೆ ಹೇಳಿ ಬರುತ್ತೇನೆ ಎಂದು ಸೈಕಲ್ಲು ತೆಗೆದೆ. ಅಂಗಳ ದಾಟಿದ ಕೂಡಲೇ ಪೆಡಲು ಭಾರವಾಯಿತು. ಚೈನು ಸಿಕ್ಕಿಕೊಂಡಿತೆಂದು ಇಳಿದು ನೋಡಿದೆ. ಚೈನು ಸರಿಯಿತ್ತು. ತಲೆಯೆತ್ತಿದರೆ ಎದುರು ದಾರಿ ನಿಂತಿತ್ತು.

ಏರುವುದು ನನಗೆ ಬರುತ್ತಿರಲಿಲ್ಲ. ಮೂವತ್ತು ವರ್ಷದವನಿಗೆ ಹಾಗೆ ಹೇಳಲು ನಾಚಿಕೆ, ಆದರೆ ನಿಜ. ಎಲ್ಲಿ ಎದ್ದು ನಿಲ್ಲಬೇಕು, ಎಲ್ಲಿ ಕೂರಬೇಕು, ಉಸಿರನ್ನು ಏನು ಮಾಡಬೇಕು, ಒಂದೂ ಗೊತ್ತಿರಲಿಲ್ಲ. ಜಲ್ಲಿಯ ಮೇಲೆ ಎದ್ದು ನಿಂತರೆ ಹಿಂದಿನ ಚಕ್ರ ಹಿಡಿತ ತಪ್ಪಿ ಸುಮ್ಮನೆ ತಿರುಗಿತು. ಕೂತರೆ ಮುಂದಿನದು ಎದ್ದಿತು. ಗಾಳಿ ಬಿಟ್ಟು ಟೈರು ಮೆತ್ತಗೆ ಮಾಡಿದೆ, ಅವಳು ಹೇಳಿದ್ದ ಹಾಗೆ. ಎರಡನೆಯ ವಠಾರದ ಹತ್ತಿರ ಇಳಿದು ತಳ್ಳತೊಡಗಿದೆ. ಅಲ್ಲಿಯ ಕಮಲಕ್ಕ ಒಗೆದ ಬಟ್ಟೆ ಹರವುತ್ತಿದ್ದವಳು ಕೈಯಲ್ಲಿ ಸೀರೆ ಹಿಡಿದುಕೊಂಡೇ ರಸ್ತೆಗೆ ಬಂದಳು.

"ಎಂತ ದಾಮು, ಸೈಕಲ್ ಹಾಳಾಯ್ತಾ?"

"ಇಲ್ಲ. ಬಂದರಿಗೆ ಹೋಗ್ತಿದ್ದೇನೆ."

ಅವಳು ನನ್ನ ಅಂಗಿಯನ್ನು ನೋಡಿದಳು, ಮುಖವನ್ನು ನೋಡಿದಳು. ಒಳಗೆ ಹೋಗಿ ಅತ್ತೆಯನ್ನೂ ನಾದಿನಿಯನ್ನೂ ಕರೆದುಕೊಂಡು ಬಂದಳು. ಮೂವರೂ ಸಾಲಾಗಿ ನಿಂತು, ದೇವರ ಪಲ್ಲಕ್ಕಿ ನೋಡುವವರ ಹಾಗೆ ನೋಡಿದರು. ಸಂಜೆಯೊಳಗೆ ಮಾಸ್ಟ್ರಿಗೆ ಸುದ್ದಿ ಹೋಗುತ್ತದೆ, ಏರು ಬಂದವನ ಕೈಯಲ್ಲಿ ಮೇಲ್ದಾರಿ ಬಿಡುವುದಿಲ್ಲ. ನನಗೆ ಅದು ಗೊತ್ತಿತ್ತು. ಅಡ್ಡದಾರಿಯೊಂದು ಗೇರು ತೋಪಿನ ಒಳಗಿಂದ ಹೋಗುತ್ತದೆ, ಅಲ್ಲಿ ಯಾರೂ ನೋಡುವುದಿಲ್ಲ, ಅದೂ ಗೊತ್ತಿತ್ತು. ರಸ್ತೆಯ ನಡುವೆಯೇ ತಳ್ಳಿಕೊಂಡು ಹೋದೆ. ಕೋರೆಯವರು ಈ ಸಲವೂ ಕೆಲಸ ನಿಲ್ಲಿಸಿದರು.

ಜಲ್ಲಿ ಮುಗಿದು ಟಾರು ಶುರುವಾಗುವಷ್ಟರಲ್ಲಿ ಮಧ್ಯಾಹ್ನ ಎರಡು ದಾಟಿತ್ತು. ಅಂಗಿ ಮೈಗೆ ಅಂಟಿತ್ತು, ತೋಳಿನಿಂದ ಇಳಿದ ಬೆವರು ಹ್ಯಾಂಡಲಿನ ಹಿಡಿಯನ್ನು ಜಾರುವಂತೆ ಮಾಡಿತ್ತು. ಒಳಗೆ ಒಂದು ಬಗೆಯ ನಿರಾಳ. ಇನ್ನು ಏನೂ ಹೇಳಬೇಕಾಗಿಲ್ಲ ಎನಿಸಿತು. ಅವಳ ಎದುರು ಹೋಗಿ ನಿಂತು ಬೆನ್ನು ತಿರುಗಿಸಿದರೆ ಸಾಕು.

ಬಂದರಿನಲ್ಲಿ ಬಿಸಿಲು ಟಾರಿನಿಂದ ಎದ್ದು ಮುಖಕ್ಕೆ ಹೊಡೆಯುತ್ತಿತ್ತು. ಬುಟ್ಟಿ ಹೊರುವವರು, ಲಾರಿಗೆ ಐಸು ತುಂಬುವವರು, ಹರಾಜು ಕೂಗುವವರು, ಎಲ್ಲರ ಅಂಗಿಯೂ ನೆನೆದು ಬೆನ್ನಿಗೆ ಅಂಟಿತ್ತು. ಸುಗಂಧಿಯ ಅಂಗಡಿ ಬಲೆ ರಿಪೇರಿಯ ಶೆಡ್ಡಿನ ಪಕ್ಕ, ಮುಂದೆ ಅಂಗಡಿ, ಹಿಂದೆ ಅಪ್ಪ ಮಗಳಿಗೆ ಒಂದು ಕೋಣೆ. ಅವಳು ನೆಲದ ಮೇಲೆ ಕೂತು ಯಾರದೋ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದುಮುತ್ತಿದ್ದಳು. ಟ್ಯೂಬಿನ ಯಜಮಾನ, ಒಬ್ಬ ಬುಟ್ಟಿ ಹೊರುವವ, ಬೀಡಿ ಸೇದುತ್ತ ನಿಂತಿದ್ದ. ನಾನು ಹೋಗಿ ಅವಳ ಎದುರು ನಿಂತೆ. ತಲೆಯೆತ್ತಿ ನೋಡಿದಳು. ನಾನು ಕಾದೆ. ಅವಳು ಏಳಲಿಲ್ಲ.

"ಇಲ್ಲಿ ಬಿಸಿಲಿಗೆ ಎಲ್ಲರೂ ಬೆವರ್ತಾರೆ ದಾಮು," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಒಂದು ಊರಿನ ರೂಢಿಯನ್ನು ಹೊಸಬನಿಗೆ ಹೇಳುವ ಹಾಗೆ ಹೇಳಿದಳು.

ಬೆಳಗಿನಿಂದ ಹೊತ್ತು ತಂದ ಸಾಕ್ಷಿ ಅಲ್ಲಿ ಯಾವ ಕೆಲಸಕ್ಕೂ ಬರುವಂತಿರಲಿಲ್ಲ. ಉಳಿದದ್ದು ಬಾಯಿ ಒಂದೇ. ನಾನು ಬೋಗುಣಿಯ ಆಚೆ ಕುಕ್ಕರುಗಾಲಲ್ಲಿ ಕೂತೆ.

"ಆವತ್ತು ಸೋಲಬೇಕು ಅಂತಿತ್ತು ನನಗೆ," ಎಂದೆ. "ಮುಟ್ಟಲೇಬಾರದು ಅಂತ. ಹೆದರಿದ್ದೆ. ಹೆದರಿದಷ್ಟೂ ಇಳಿಯಿತು. ಬ್ರೇಕು ಸುಟ್ಟುಹೋಗುವವರೆಗೆ ಹಿಡಿದೆ. ಬೇಡ ಅನ್ನುವುದಕ್ಕೂ ಹೆದರಿಕೆಗೂ ದಾರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ."

ಅಷ್ಟು ಉದ್ದ ಮಾತನ್ನು ನಾನು ಯಾರ ಹತ್ತಿರವೂ ಆಡಿದ್ದಿಲ್ಲ. ಅವಳು ಟ್ಯೂಬನ್ನು ತಿರುಗಿಸುವುದನ್ನು ನಿಲ್ಲಿಸಿದಳು.

"ಮೇಲ್ದಾರಿ ನಿನ್ನ ಕೈಬಿಟ್ಟು ಹೋಗ್ತದೆ. ಹೀಗೆ ಬಂದದ್ದನ್ನು ಜನ ನೋಡಿರ್ತಾರೆ," ಎಂದಳು.

"ಹೋಗಲಿ."

"ನನಗೂ ಬೇಡ ಅದು ಈಗ."

"ಬೇಡ ಅಂತಾದರೆ ನಿನಗೇ ಸಿಗ್ತದೆ."

ಬೀಡಿಯವನು ನಕ್ಕ. ಅವಳು ನಗಲಿಲ್ಲ. ಅವಳು ನನ್ನ ಮಾತಿನ ಇನ್ನೊಂದು ತುದಿ ಹಿಡಿದುಕೊಂಡು ಎಲ್ಲಿಗೋ ಹೋಗಿದ್ದಳು. ಬೋಗುಣಿಯ ಮೇಲೆ ಬಾಗಿ ದನಿ ತಗ್ಗಿಸಿ ಕೇಳಿದಳು, "ಹೆದರಿದರೆ ಇಳೀತದೆ ಅಂದಿಯಲ್ಲ, ಅದು ಖಂಡಿತವಾ?"

ಖಂಡಿತ ಎಂದೆ.

"ಅಮ್ಮ ಹೋದ ದಿನ ಅಪ್ಪ ಒಣ ಅಂಗಿಯಲ್ಲಿ ಬಂದರು," ಎಂದಳು. "ಇಲ್ಲೇ, ಬಂದರಿನ ಆಸ್ಪತ್ರೆಗೆ. ಆಗ ಜಲ್ಲಿಯೇ ಇತ್ತು ಇಲ್ಲಿ. ಸುದ್ದಿ ಮುಟ್ಟಿ ಅರ್ಧ ಗಂಟೆ ಆಗಿರಲಿಲ್ಲ. ಅಜ್ಜಿ ಕಾಲರು ಮುಟ್ಟಿ ಕೈ ಹಿಂದಕ್ಕೆ ಎಳೆದುಕೊಂಡಳು. ನಾನು ಪಕ್ಕದಲ್ಲೇ ಇದ್ದೆ, ಹನ್ನೊಂದು ವರ್ಷ ನನಗೆ."

ಅಂದಿನಿಂದ ಅವಳು ಅಪ್ಪನ ಹತ್ತಿರ ಮೀನು, ಐಸು, ಚೈನು, ಟೈರು, ಇಷ್ಟು ಬಿಟ್ಟರೆ ಬೇರೆ ಮಾತಾಡಿಲ್ಲವಂತೆ. ಅವರೂ ಒಂದು ದಿನವೂ ತಮ್ಮ ಪರವಾಗಿ ಏನನ್ನೂ ಹೇಳಿಕೊಂಡವರಲ್ಲವಂತೆ. ಇದನ್ನೆಲ್ಲ ಅವಳು ನನಗೆ ಹೇಳುತ್ತಿದ್ದಾಳೋ ತನಗೇ ಹೇಳಿಕೊಳ್ಳುತ್ತಿದ್ದಾಳೋ ತಿಳಿಯಲಿಲ್ಲ. ಕೊನೆಗೆ ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಎದ್ದಳು. ಟ್ಯೂಬನ್ನು ನನ್ನ ಕೈಗೆ ಕೊಟ್ಟಳು. ಹಿಂದಿನ ಕೋಣೆಯ ಬಾಗಿಲಿಗೆ ಹೋಗಿ ಒಂದು ಕ್ಷಣ ಚೌಕಟ್ಟು ಹಿಡಿದು ನಿಂತು, ಒಳಗೆ ಹೋಗಿ ಬಾಗಿಲು ಮುಂದಕ್ಕೆ ಎಳೆದುಕೊಂಡಳು.

ಒಳಗಿಂದ ಮೊದಲು ಅವಳ ದನಿ ಕೇಳಿತು. ಆಮೇಲೆ ಹೊನ್ನಪ್ಪಣ್ಣನ ದನಿ, ಬಹಳ ಕೆಳಗೆ, ನಡುನಡುವೆ ನಿಲ್ಲುತ್ತ. ಹರಾಜಿನ ಗದ್ದಲದಲ್ಲಿ ಒಂದು ಪದವೂ ತಿಳಿಯಲಿಲ್ಲ, ತಿಳಿಯಬೇಕೆಂದು ನಾನು ಕಿವಿಯನ್ನು ಅತ್ತ ಹಿಡಿಯಲೂ ಇಲ್ಲ. ಟ್ಯೂಬನ್ನು ನೀರಿನಲ್ಲಿ ಅದುಮಿ, ಬೆರಳಿನಿಂದ ಬೆರಳಿಗೆ ಸರಿಸುತ್ತ, ಗುಳ್ಳೆ ಎಲ್ಲಿ ಏಳುತ್ತದೆಂದು ನೋಡುತ್ತ ಕೂತೆ. ಬೀಡಿಯವನು ಮುಗಿದ ಬೀಡಿಯನ್ನು ಕಾಲಲ್ಲಿ ಹೊಸಕಿ, ಎಷ್ಟು ಹೊತ್ತು ಬೇಕಣ್ಣಾ ಎಂದು ಕೇಳಿದ.

"ಸ್ವಲ್ಪ ಹೊತ್ತಾಗ್ತದೆ," ಎಂದೆ. "ಕೂತುಕೊಳ್ಳಿ."